ಮುಚ್ಚಿದ್ದ ಎರಡು ವಾಲ್ವ್

ಸೋಮವಾರ, ಮಾರ್ಚ್ 11. ಬೆಳಗ್ಗೆ 7:40ಕ್ಕೆ ಪನಾಮಾ ನಗರದ ಬಂದರು ಬೀದಿಯ ಠಾಣೆಗೆ ದೂರು ಬಂತು. ದೂರುದಾರ ಅರಿಸ್ತೀದೆಸ್, ಎಂಟು ಮಹಡಿಯ ಹಳೆಯ ಕಚೇರಿ ಕಟ್ಟಡವೊಂದರ ಮ್ಯಾನೇಜರ್. ಕರೆಂಟ್ ಉಳಿಸುವ ಹೊಸ ನಿಯಮಕ್ಕೆ ಹೊಂದುವಂತೆ ಕಟ್ಟಡದ ಕಿಟಕಿ, ದೀಪ, ಎ.ಸಿ. ಎಲ್ಲವನ್ನೂ ಬದಲಾಯಿಸಿದ್ದರು. ಭಾನುವಾರ ಯಾರೋ ತಾರಸಿಯ ಹೊಸ ಎ.ಸಿ. ಯಂತ್ರದ ಪೈಪುಗಳನ್ನು ಕೊಯ್ದು ಹಾಕಿದ್ದರು. ಗುರುವಾರವೇ ಸರ್ಕಾರಿ ತಪಾಸಣೆ.

"ವಾಚ್‌ಮನ್ ಎಲಾಡಿಯೊನದೇ ಕೆಲಸ. ಒದ್ದು ಒಳಗೆ ಹಾಕಿ."

"ನೀವು ನೋಡಿದ್ರಾ?" ಇನ್ಸ್‌ಪೆಕ್ಟರ್ ಕೆರೂಬೆ ಕೇಳಿದಳು.

"ನೋಡೋದೇನು ಬಂತು? ಕೀ ಇರೋದು ಅವನ ಹತ್ರ."

ಈ ಮನುಷ್ಯನ ಮಾತಿಗೆ ಅವಳ ಮೈಯೆಲ್ಲ ಉರಿಯಿತು. ಆದರೂ ದೂರು ದೂರೇ. ಎಲಾಡಿಯೊನನ್ನು ಲಾಕಪ್ಪಿನಲ್ಲಿ ಕೂರಿಸಬೇಕಾಯಿತು. ಮೂರು ಮಕ್ಕಳ ತಂದೆ. ಜೈಲಾದರೆ ಸಂಸಾರ ಬೀದಿಗೆ ಬೀಳುತ್ತಿತ್ತು.

9:15. ತಾರಸಿಯಲ್ಲಿ ಪಂಚನಾಮೆ. ಕೊಯ್ದ ಜಾಗದಲ್ಲಿ, ಗ್ಯಾಸಿನ ಜತೆ ಚಿಮ್ಮಬೇಕಿದ್ದ ಎಣ್ಣೆ ಒಂದು ಹನಿಯೂ ಇರಲಿಲ್ಲ. ಯಂತ್ರ ಕೂರಿಸಿದ ಕಂಪನಿಯ ಮೆಕ್ಯಾನಿಕ್ ಮೀಟರ್ ಹಚ್ಚಿ ನೋಡಿ ತಲೆ ಕೆರೆದುಕೊಂಡ.

"ಮೇಡಂ, ತಂಪು ಮಾಡೋ ಗ್ಯಾಸ್ ಒಂಚೂರೂ ಹೋಗಿಲ್ಲ. ಎಲ್ಲಾನೂ ಯಂತ್ರದ ಟ್ಯಾಂಕಿಗೇ ಎಳ್ಕೊಂಡು, ಎರಡೂ ವಾಲ್ವ್ ಮುಚ್ಚಿ, ಆಮೇಲೆ ಕೊಯ್ದಿದಾರೆ."

"ಹಾಳು ಮಾಡೋಕೆ ಬಂದವನಿಗೆ ಈ ಉಸಾಬರಿ ಯಾಕಪ್ಪಾ?" ಎಂದ ಕಾನ್‌ಸ್ಟೇಬಲ್ ದೀದಿಮೊ.

"ಹಳೇ ಮೇಸ್ತ್ರಿಗಳ ಕೈ ಹಾಗೆ ಸಾರ್. ಗ್ಯಾಸ್ ಗಾಳಿಗೆ ಬಿಡೋದು ಅಂದ್ರೆ ಅವರಿಗೆ ಅನ್ನ ಚೆಲ್ಲಿದ ಹಾಗೆ."

ಎಲಾಡಿಯೊನಿಗೆ ವಾಲ್ವ್ ಯಾವುದು, ನಲ್ಲಿ ಯಾವುದು ಗೊತ್ತಿರಲಿಲ್ಲ. ಗೊತ್ತಿದ್ದವನು ಹೆನೆರೋಸೊ. ಮೂವತ್ತೊಂದು ವರ್ಷ ಹಳೆಯ ಯಂತ್ರವನ್ನು ನೋಡಿಕೊಂಡು, ಹೋದ ತಿಂಗಳು ಅದರ ಜತೆಗೇ ಹೊರಬಿದ್ದವನು. ತಾರಸಿಯ ಇನ್ನೊಂದು ಕೀ ಅವನಿನ್ನೂ ಹಿಂದಿರುಗಿಸಿರಲಿಲ್ಲ.

ಮಧ್ಯಾಹ್ನ 2:10. ಹೆನೆರೋಸೊ ತನ್ನ ಮನೆಯ ಹೊಸ್ತಿಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದ.

"ಭಾನುವಾರ ಎಲ್ಲಿದ್ರಿ?"

"ಮನೇಲಿ."

"ಎಲಾಡಿಯೊ ಲಾಕಪ್ಪಲ್ಲಿದಾನೆ."

ಸುಲಿಯುವ ಕೈ ನಿಂತಿತು. "ಅವನನ್ಯಾಕ್ರೀ ಹಿಡಿದ್ರಿ? ಕೊಯ್ದಿದ್ದು ನಾನು. ನಡೀರಿ."

2:35ಕ್ಕೆ ಬಂಧನ. 3:30ಕ್ಕೆ ಎಲಾಡಿಯೊ ಬಿಡುಗಡೆ.

"ಗ್ಯಾಸ್ ಯಾಕೆ ಉಳಿಸಿದ್ರಿ?" ಹೇಳಿಕೆ ಬರೆದುಕೊಳ್ಳುತ್ತಾ ಕೆರೂಬೆ ಹೆನೆರೋಸೊನನ್ನು ಕೇಳಿದಳು.

"ಅದೇನು ಮಾಡಿತ್ತು ನನಗೆ?"

ಮಾಡಿದ್ದವನು ಮ್ಯಾನೇಜರ್. ಹೊಸ ಯಂತ್ರ ಶುರುವಾದ ದಿನ ಕಚೇರಿಯವರನ್ನೆಲ್ಲ ಕೂರಿಸಿ, ಹಿಂದೊಮ್ಮೆ ಹಳೆಯ ಯಂತ್ರದ ಪಕ್ಕ ಹೆನೆರೋಸೊನನ್ನು ನಿಲ್ಲಿಸಿ ತೆಗೆದಿದ್ದ ಫೋಟೊವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ್ದ. "ನೋಡಿ, ಕರೆಂಟ್ ತಿಂದು ತೇಗ್ತಿದ್ದ ನಮ್ಮ ಎರಡು ಹಳೇ ಸಾಮಾನು," ಎಂದಿದ್ದ.

"ಅವತ್ತೇ ಅವನ ಮುಖಕ್ಕೆ ಹೇಳಬಹುದಿತ್ತಲ್ಲ ಯಜಮಾನ್ರೇ?" ಕೆರೂಬೆಯ ದನಿಯಲ್ಲಿ ಸಿಟ್ಟಿತ್ತು, ಅದು ಇವನ ಮೇಲಿನದಲ್ಲ.

"ಎಲ್ಲಾ ನಕ್ರು ಮೇಡಂ," ಎಂದ ಹೆನೆರೋಸೊ. "ನಾನೂ ನಕ್ಬಿಟ್ಟೆ."

ಕೆರೂಬೆ ಅದನ್ನೂ ಹೇಳಿಕೆಯಲ್ಲಿ ಬರೆದು, ಸಹಿ ಹಾಕಲು ಪೆನ್ನು ಕೊಟ್ಟಳು.