ಗೇರಿನ ಸೊನೆ

ಮಾರ್ಚ್ ತಿಂಗಳ ಬಿಸಿಲು ಬೆಳಿಗ್ಗೆಯೇ ಚುರುಕಾಗಿತ್ತು. ಕುಂದಾಪುರ ಕಡೆಯ ಸಿದ್ದಾಪುರದ ಹತ್ತಿರ, ಗೇರುಮರಗಳ ಹಾಡಿಯಲ್ಲಿ ಗೇರುಹಣ್ಣು ಉದುರಿ ನೆಲವೆಲ್ಲ ಕೆಂಪು, ಹಳದಿ. ನಾಗು ಅಜ್ಜಿ ಹಣ್ಣು ಹೆಕ್ಕಿ, ಬೀಜ ತಿರುಪಿ ಹೆಡಿಗೆಗೆ ಹಾಕುತ್ತಿದ್ದಳು. ಶುಕ್ರವಾರ ಶಾಲೆಗೆ ರಜೆ, ಮೊಮ್ಮಗಳು ವಿನಯಾ ಎದುರಿನ ಮರದಡಿ ಕೂತಿದ್ದಳು. ಅವಳ ಕೈ ಮಾತ್ರ ಬೀಜದ ಮೇಲಿರಲಿಲ್ಲ, ಹಣೆಯ ಮೇಲಿತ್ತು.

"ಮೋರೆ ಕೆರೂಕಾಗ, ಮಗಾ. ಗಾಯ ಆತ್ತ್," ಎಂದಳು ಅಜ್ಜಿ.

ವಿನಯಾ ಏಳನೇ ಕ್ಲಾಸು. ದೀಪಾವಳಿಯ ಹೊತ್ತಿಗೆ ಹಣೆಯಲ್ಲಿ ಶುರುವಾದ ಮೊಡವೆ ಈಗ ಕೆನ್ನೆಗೂ ಇಳಿದಿತ್ತು. ಎಷ್ಟು ತೊಳೆದರೂ ಮುಖ ಮತ್ತೆ ಜಿಡ್ಡು ಜಿಡ್ಡು. ಕ್ಲಾಸಿನ ಕೌಶಲ್ ಅವಳಿಗೆ ಹಲಸಿನಕಾಯಿ ಎಂದು ಹೆಸರಿಟ್ಟಿದ್ದ. ಸೋಮವಾರ ಗ್ರೂಪ್ ಫೋಟೋ. ಆ ಫೋಟೋವನ್ನು ಆಫೀಸ್ ರೂಮಿನ ಗೋಡೆಗೆ ಹಾಕುತ್ತಾರೆ, ಮತ್ತೆ ತೆಗೆಯುವುದಿಲ್ಲ.

"ಹಲ್ಸಿನಕಾಯಿನ ಹಿಂದ್ ನಿಲ್ಸ್ವ ಮಾರಾಯಾ, ಮುಂದಿದ್ರೆ ನೊಣ ಬತ್ತ್," ಎಂದು ಕೌಶಲ್ ನಿನ್ನೆ ಎಲ್ಲರಿಗೂ ಕೇಳುವಂತೆ ಹೇಳಿದ್ದ. ಅವಳ ಪಕ್ಕದಲ್ಲೇ ಕೂರುವ ದೀಕ್ಷಾ ಕೂಡ ನಕ್ಕುಬಿಟ್ಟಿದ್ದಳು.

ಹೋದ ವರ್ಷ ಅಜ್ಜಿಯ ಕಾಲಿಗೆ ಆಣಿ ಆಗಿತ್ತು. ಅಜ್ಜಿ ಹಸಿ ಗೇರುಬೀಜ ಜಜ್ಜಿ, ಅದರ ಸೊನೆಯನ್ನು ಆಣಿಗೆ ಮುಟ್ಟಿಸಿದ್ದಳು. ಆಣಿ ಒಣಗಿ ಕಳಚಿ ಬಿದ್ದಿತ್ತು. ವಿನಯಾ ಅದನ್ನು ಹತ್ತಿರದಿಂದಲೇ ನೋಡಿದ್ದಳು. ಅಷ್ಟು ಗಟ್ಟಿ ಆಣಿಯೇ ಹೋಗುವುದಾದರೆ ಮೊಡವೆ ಯಾವ ಲೆಕ್ಕ?

ಅಜ್ಜಿ ನೀರು ತರಲು ಮನೆಯ ಕಡೆ ನಡೆದಳು. ವಿನಯಾ ಒಂದು ಬೀಜವನ್ನು ಕಲ್ಲಿನಿಂದ ಜಜ್ಜಿದಳು. ಒಣ ಕಡ್ಡಿಯೊಂದರ ತುದಿಗೆ ಸೊನೆ ತಾಗಿಸಿ, ಕೆನ್ನೆಯ ದೊಡ್ಡ ಮೊಡವೆಗೆ ಮುಟ್ಟಿಸಿದಳು. ಪಕ್ಕದ್ದಕ್ಕೂ ಮುಟ್ಟಿಸಿದಳು.

ಮೊದಲು ತುರಿಕೆ, ಆಮೇಲೆ ಉರಿ. ಗಾಬರಿಯಿಂದ ಲಂಗದ ತುದಿಯಲ್ಲಿ ಉಜ್ಜಿದಳು. ಸೊನೆ ಇನ್ನಷ್ಟು ಹರಡಿತು. ಸಂಜೆಯ ಹೊತ್ತಿಗೆ ಕೆನ್ನೆ ಬಾತು, ಗುಳ್ಳೆ ಎದ್ದಿತ್ತು.

ಅಮ್ಮ ಗಿರಿಜಾ ಗೇರುಬೀಜದ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದಳು. ಬೀಜ ಒಡೆದು ಒಡೆದು ಅವಳ ಬೆರಳ ತುದಿಗಳು ಕಪ್ಪಾಗಿದ್ದವು. ಮಗಳ ಮುಖ ಕಂಡ ಕೂಡಲೇ ಅದು ಎಂತದ್ದೆಂದು ಅವಳಿಗೆ ಗೊತ್ತಾಯಿತು.

"ಇದ್ ಯಾರ್ ಹಚ್ಚದ್?"

ವಿನಯಾಳ ಕಣ್ಣು ಹೋಗಿ ಅಜ್ಜಿಯ ಕಾಲಿನ ಮೇಲೆ ನಿಂತಿತು. ಅಮ್ಮನ ಕಣ್ಣೂ ಅತ್ತಲೇ ಹೋಯಿತು.

"ನಿಮ್ಮ್ ಕಾಲೂ ಮಗಿನ ಮೋರೆಯೂ ಒಂದೇಯಾ ಅತ್ತೆ? ಇನ್ ಮೇಲೆ ನೀವ್ ಅವ್ಳ ತಲಿ, ಮೋರೆ ಮುಟ್ಟೂದೇ ಬ್ಯಾಡ."

ಅಜ್ಜಿ ಮೊಮ್ಮಗಳನ್ನು ಒಮ್ಮೆ ನೋಡಿದಳು. ಇಲ್ಲ ಎನ್ನಲಿಲ್ಲ. "ತಪ್ಪಾಯ್ತ್," ಎಂದು ಎದ್ದು ಒಳಗೆ ಹೋದಳು.

ಮರುದಿನ ಅಮ್ಮ ರಜೆ ಹಾಕಿ, ಕುಂದಾಪುರದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈ ಪ್ರಾಯದಲ್ಲಿ ಮುಖದಲ್ಲಿ ಜಿಡ್ಡು ಹೆಚ್ಚು, ಮೊಡವೆ ತುಂಬ ಮಕ್ಕಳಿಗೆ ಬರುತ್ತದೆ ಎಂದರು ಡಾಕ್ಟರಮ್ಮ. ಗಾಯ ಒಣಗಿದ ಮೇಲೆ ಬೆಳಿಗ್ಗೆ, ಸಂಜೆ ಮೆದು ಸೋಪಿನಿಂದ ಮುಖ ತೊಳೆಯಬೇಕು, ತಿಕ್ಕಬಾರದು. ತಲೆಯ ಎಣ್ಣೆ ಹಣೆಗೆ ಇಳಿಯಬಾರದು. ದಿಂಬಿನ ಬಟ್ಟೆ ಆಗಾಗ ಒಗೆಯಬೇಕು. ಸರಿಯಾಗಿ ನಿದ್ದೆ ಮಾಡಬೇಕು. ಸುಟ್ಟ ಜಾಗಕ್ಕೆ ಮುಲಾಮು ಬರೆದುಕೊಟ್ಟರು.

"ಕಲೆ ಹೋಗ್ತದೆ, ಆದ್ರೆ ತಿಂಗಳುಗಟ್ಟಲೆ ಬೇಕು," ಎಂದರು. "ಮುಟ್ತಾ ಇದ್ರೆ ಹೋಗುದಿಲ್ಲ."

ಸೊನೆ ಹಚ್ಚಿದ್ದು ಯಾರೆಂದು ಕೇಳಿದರು. "ನಮ್ಮತ್ತೆ," ಎಂದಳು ಅಮ್ಮ. ವಿನಯಾ ನೆಲ ನೋಡಿದಳು.

ಸೋಮವಾರ ಅವಳಾಗಿಯೇ ಹಿಂದಿನ ಸಾಲಿನಲ್ಲಿ ನಿಂತಳು. ಕೌಶಲ್ ತಿರುಗಿ ಅವಳ ಕೆನ್ನೆ ನೋಡಿದ, ಏನೂ ಹೇಳದೆ ಮುಂದೆ ತಿರುಗಿದ. ಅವನು ಏನಾದರೂ ಅಂದಿದ್ದರೇ ಚೆನ್ನಾಗಿತ್ತು ಅನಿಸಿತು.

ಅವಳ ಜಡೆ ಸೊಟ್ಟಗಿತ್ತು. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವವಳು ಅಜ್ಜಿ. ಆದರೆ ಅಮ್ಮ ಬೈದಂದಿನಿಂದ ಅಜ್ಜಿ ಬಾಚಣಿಗೆಯನ್ನು ಕಿಟಕಿಯ ಮೇಲಿಟ್ಟು ಸುಮ್ಮನೆ ಹಾಡಿಗೆ ಹೋಗುತ್ತಿದ್ದಳು. ಬೀಜ ಹೆಕ್ಕಲು ಅವಳನ್ನು ಕರೆಯುತ್ತಲೂ ಇರಲಿಲ್ಲ.

ಸಂಜೆ ಅಮ್ಮ ಬಾವಿಕಟ್ಟೆಯ ಹತ್ತಿರ ಕೈಗೆ ಸೋಪು ಹಾಕಿ ಉಜ್ಜುತ್ತಿದ್ದಳು. ವಿನಯಾ ಹೋಗಿ ಪಕ್ಕದಲ್ಲಿ ನಿಂತಳು.

"ಅಮ್ಮ, ಅಜ್ಜಿ ಹಚ್ಚದ್ ಅಲ್ಲ. ನಾನೇ ಹಚ್ಕಂಡದ್."

ಅಮ್ಮನ ಕೈ ನಿಂತಿತು. "ಅಂದೇ ಎಂತಕೆ ಹೇಳ್ಲಿಲ್ಲೆ?"

ವಿನಯಾ ಚೊಂಬಿನಿಂದ ಅಮ್ಮನ ಸೋಪಿನ ಕೈಗೆ ನೀರು ಹೊಯ್ದಳು.

ಅಮ್ಮ ಒಳಗೆ ಹೋಗಿ ಚಾ ಮಾಡಿ, ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಮುಂದೆ ಇಟ್ಟಳು. "ಅತ್ತೆ," ಎಂದಳು. ಅಜ್ಜಿ ಲೋಟ ತೆಗೆದುಕೊಂಡಳು. "ನೀನೂ ಕುಡಿ, ತಣಿತ್ತ್," ಎಂದಳು, ಅಷ್ಟೇ.

ವಿನಯಾ ಕಿಟಕಿಯಿಂದ ಬಾಚಣಿಗೆ ತಂದು, ಅಜ್ಜಿಗೆ ಬೆನ್ನು ಮಾಡಿ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಹಿಂದೆ ಅಜ್ಜಿ ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ಬಾಚಣಿಗೆ ಅವಳ ಕೈಯಿಂದ ಹೋಯಿತು.

ಅಜ್ಜಿ ಎಣ್ಣೆ ಮುಟ್ಟದೆ ಬಾಚಿದಳು. ಹಣೆಗೆ ಬೀಳದ ಹಾಗೆ ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದಳು. ಬಾಚಿ ಮುಗಿಸಿ ಮೊಮ್ಮಗಳ ಕೆನ್ನೆ ಸವರುವುದು ಅವಳ ಯಾವಾಗಿನ ರೂಢಿ. ಇಂದೂ ಕೈ ಕೆನ್ನೆಯ ತನಕ ಬಂತು. ಅಲ್ಲೇ ನಿಂತು, ಹಿಂದೆ ಹೋಯಿತು.

ವಿನಯಾ ಆ ಕೈಯನ್ನು ಹಿಡಿದೆಳೆಯಲಿಲ್ಲ. ನಾಳೆ ಬೆಳಿಗ್ಗೆಯೂ ಇಲ್ಲೇ ಬಂದು ಕೂರಬೇಕು ಎಂದುಕೊಂಡಳು. ನಾಡಿದ್ದೂ.