ಐದನೆಯ ಸೋಮವಾರ

“ಬ್ಯಾಟರಿ ಹೊಸತು, ವಯರಿಂಗ್ ಸರಿ ಉಂಟು, ಚಾರ್ಜಿಂಗ್ ಸರಿ ಉಂಟು. ಹಾಗಾದ್ರೆ ಕರೆಂಟು ಕುಡಿಯುವುದು ಯಾರು ಭಟ್ರೇ, ನಾನಾ?”

ಕ್ಯಾರಲ್ ಕಾರಿನ ಕೀಯನ್ನು ಮೇಜಿನ ಮೇಲೆ ಎಸೆದಳು. ಕೋಪ ಬಂದರೆ ಅವಳು ಜಾಗ ನೋಡುವವಳಲ್ಲ. ಕುಂಜತ್ತೂರಿನ ಶಾಲೆಯ ಮಕ್ಕಳಿಗೂ ಅದು ಗೊತ್ತು.

“ಟೀಚರ್, ಸ್ವಲ್ಪ ಮೆಲ್ಲ ಮಾತಾಡಿ” ಎಂದ ವೆಂಕಟಕೃಷ್ಣ ಭಟ್ಟ. ಮಂಜೇಶ್ವರದಲ್ಲಿ ಗಾಡಿಗಳ ವಯರಿಂಗ್ ಕೆಲಸ ಮಾಡುವವನು, ನಲವತ್ತಮೂರು ದಾಟಿದರೂ ಒಬ್ಬನೇ.

“ಯಾಕೆ ಮೆಲ್ಲ? ನಿನ್ನೆ ಅಪ್ಪ ತೀರಿಕೊಂಡ ವರ್ಷದ ಪೂಜೆ ಇತ್ತು ಇಗರ್ಜಿಯಲ್ಲಿ. ಅಮ್ಮ ಮೊಣಕಾಲು ಹಿಡ್ಕೊಂಡು ಕಾರಲ್ಲಿ ಕೂತರು. ಕೀ ತಿರುಗಿಸಿದ್ರೆ ಟಿಕ್ ಟಿಕ್... ಅಷ್ಟೆ. ಪೂಜೆ ಮುಗಿದ ಮೇಲೆ ಪಕ್ಕದ ಮನೆಯ ಜೀಪು ಬಂತು, ಅದರ ಬ್ಯಾಟರಿಯಿಂದ ವಯರು ಕೊಟ್ಟು ಇದನ್ನು ಎಬ್ಬಿಸಿದ್ದು. ನನ್ನ ತಮ್ಮ ಕೀತ್ ಹೇಳಿದ್ದೇ ಸರಿ. ನಾನು ವಾರ ವಾರ ಬರ್ಲಿ ಅಂತ ನೀವೇ ದೋಷ ಇಟ್ಟು ಕಳಿಸ್ತಿದ್ದೀರಿ.”

ಶೆಡ್ಡಿನ ಬೆಂಚಿನಲ್ಲಿದ್ದ ರಿಕ್ಷಾದ ಚೋಮ ಪೇಪರು ಕೆಳಗಿಳಿಸಿದ.

“ಕೀತ್‌ಗೆ ಹಾಗೆ ಕಂಡಿತು. ನಿಮಗೆ?” ವೆಂಕಟಕೃಷ್ಣನ ಮುಖ ಕೆಂಪಾಗಿತ್ತು.

ಕ್ಯಾರಲ್ ಮೇಜಿನ ಮೇಲಿದ್ದ ಕೀಯನ್ನು ಮತ್ತೆ ಕೈಗೆತ್ತಿಕೊಂಡಳು. ನಿಜ ಹೇಳಬೇಕೆಂದರೆ, ಕೀತ್ ಫೋನಿನಲ್ಲಿ ಹಾಗೆ ಹೇಳಿದಾಗ ಅವಳಿಗೆ ಕೋಪಕ್ಕಿಂತ ಮೊದಲು ಖುಷಿಯಾಗಿತ್ತು. ಮೂವತ್ತೊಂಬತ್ತು ವರ್ಷಕ್ಕೆ ಎಂತ ಖುಷಿ ಇದು ಎಂದು ತನ್ನ ಮೇಲೆಯೇ ಕೋಪ. ಅದನ್ನೆಲ್ಲ ತಂದು ಅವನ ಮೇಲೆ ಸುರಿದಿದ್ದಳು.

“ಇವತ್ತು ಶಾಲೆಗೆ ರಜೆ ಹಾಕಿ. ನಾನು ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲೇ ಕೂತು ನೋಡಿ.”

“ನೋಡ್ತೇನೆ. ಬಿಡ್ತೇನೆ ಅಂತ ತಿಳ್ಕೊಂಡ್ರಾ?”

ಕಳೆದ ನಾಲ್ಕು ಸೋಮವಾರಗಳಲ್ಲಿ ಅವಳು ಕಾರು ಬಿಟ್ಟು ಶಾಲೆಗೆ ಹೋಗುತ್ತಿದ್ದಳು. ಸಂಜೆ ಬಂದು, ಅವನು ತರಿಸಿದ ಚಹಾ ಕುಡಿದು, ಅಗತ್ಯಕ್ಕಿಂತ ಅರ್ಧ ಗಂಟೆ ಹೆಚ್ಚು ಕೂತು ಹೊರಡುತ್ತಿದ್ದಳು. ಕೆಲಸ ಮಾಡುವುದನ್ನು ನೋಡಿರಲಿಲ್ಲ.

ವೆಂಕಟಕೃಷ್ಣ ಮೊದಲು ಬ್ಯಾಟರಿಯ ವಯರು ಬಿಚ್ಚಿದ. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದ. ಡ್ಯಾಶ್‌ಬೋರ್ಡಿನ ಮೇಲಿದ್ದ ಮಾತೆ ಮರಿಯಮ್ಮನ ಪುಟ್ಟ ಗಾಜಿನ ಗೂಡನ್ನು, ಒಳಗಿನ ಬಲ್ಬಿನ ಪಿನ್ನು ಕಳಚಿ, ಎರಡೂ ಕೈಯಲ್ಲಿ ಎತ್ತಿ, ತನ್ನ ದೇವರ ಪಟದ ಪಕ್ಕದ ಹಲಗೆಯಲ್ಲಿಟ್ಟ.

“ಅದನ್ನು ಯಾಕೆ ತೆಗೆದ್ರಿ?”

“ಫ್ಯೂಸು ನೋಡ್ಲಿಕ್ಕೆ ಡ್ಯಾಶ್ ಕೆಳಗೆ ತಲೆ ಕೆಳಗಾಗಿ ಮಲಗಬೇಕು. ಕಾಲು ಸೀಟಿನ ಮೇಲೆ ಬರ್ತದೆ. ಮರಿಯಮ್ಮನ ಮುಖಕ್ಕೆ ಕಾಲು ತೋರಿಸ್ಲಿಕ್ಕೆ ಆಗ್ತದಾ?”

ಬಿಚ್ಚಿದ ವಯರಿಗೂ ಬ್ಯಾಟರಿಗೂ ನಡುವೆ ಮೀಟರು ಸೇರಿಸಿ ಅವಳತ್ತ ತಿರುಗಿಸಿದ. “ನೋಡಿ. ಪಾಯಿಂಟ್ ಸೊನ್ನೆ ಎರಡು ಆಂಪ್. ಗಡಿಯಾರಕ್ಕೆ ಬೇಕಾದಷ್ಟೇ. ಐದು ವಾರವೂ ಇಷ್ಟೇ ಇತ್ತು. ಇದಕ್ಕೆ ಬ್ಯಾಟರಿ ಇಳಿಯುವುದಿಲ್ಲ.”

ಕ್ಯಾರಲ್ ಮೀಟರನ್ನು ನೋಡಿದಳು. ಹಲಗೆಯನ್ನು ನೋಡಿದಳು.

“ಮಾತೆಯನ್ನು ವಾಪಸ್ಸು ಇಟ್ಟು ಪಿನ್ನು ಹಾಕಿ.”

“ಕೀ ಆಫ್ ಉಂಟಲ್ಲ, ಅದು ಉರಿಯುವುದಿಲ್ಲ...”

“ನಮ್ಮ ಮನೆಯಲ್ಲಿ ಉರೀತದೆ. ಯಾವಾಗಲೂ.”

ಅವನು ಪಿನ್ನು ಸೇರಿಸಿದ. ಕೀ ಅವಳ ಕೈಯಲ್ಲೇ ಇತ್ತು. ಗೂಡಿನಲ್ಲಿ ಬಲ್ಬು ಹೊತ್ತಿಕೊಂಡಿತು. ಮೀಟರಿನಲ್ಲಿ ಪಾಯಿಂಟ್ ನಾಲ್ಕು ನಾಲ್ಕು.

ವೆಂಕಟಕೃಷ್ಣ ಸೀಟಿನ ಅಂಚಿನಲ್ಲಿ ಕೂತುಬಿಟ್ಟ. “ಐದು ದಿನಕ್ಕೆ ಬ್ಯಾಟರಿ ಖಾಲಿ” ಎಂದ.

ಮನೆಯ ದೇವರ ಪೀಠದ, ಅಲ್ತಾರಿನ, ಮುಂದಿನ ದೀಪ ಹಗಲೂ ಆರಬಾರದು, ಕಾರಿನದ್ದೂ ಆರಬಾರದು ಎಂದು ಅಪ್ಪ ಕ್ಲೆಟಸ್ ಬ್ಯಾಟರಿಯಿಂದಲೇ ನೇರ ವಯರು ಎಳೆದಿದ್ದರು. ಅವರಿದ್ದಾಗ, ಆಮೇಲೆ ಕೀತ್ ಊರಲ್ಲಿದ್ದಷ್ಟು ದಿನವೂ, ಕಾರು ದಿನಾ ಓಡುತ್ತಿತ್ತು. ಈಗ ಭಾನುವಾರ, ಸೋಮವಾರ ಮಾತ್ರ. ದೇವರ ದೀಪವನ್ನು ಕ್ಯಾರಲ್ ಖರ್ಚೆಂದು ಲೆಕ್ಕ ಹಿಡಿಯಲಿಲ್ಲ. ಭಟ್ಟನಾದರೋ ಪರೀಕ್ಷೆಗೆ ಮೊದಲೇ ಅದನ್ನು ಭಕ್ತಿಯಿಂದ ಎತ್ತಿಡುತ್ತಿದ್ದ. ಕೆಲಸ ಮುಗಿದ ಮೇಲೆ ಗೂಡನ್ನು ಮೊದಲು ಇಟ್ಟು, ಬ್ಯಾಟರಿ ಕೊನೆಗೆ ಜೋಡಿಸಿ, ತಕ್ಷಣ ಸ್ಟಾರ್ಟ್ ಮಾಡುತ್ತಿದ್ದ; ಬಲ್ಬು ಕೀಯಿಂದಲೇ ಹೊತ್ತಿತೆಂದುಕೊಳ್ಳುತ್ತಿದ್ದ.

“ಅಪ್ಪನ ಪೂಜೆ ತಪ್ಪಿಸಿದ್ದು ಅಪ್ಪನೇ” ಎಂದಳು ಕ್ಯಾರಲ್. ನಗಲು ಹೋದಳು, ಆಗಲಿಲ್ಲ.

“ಕೀ ತಿರುಗಿಸಿದಾಗ ಮಾತ್ರ ಉರಿಯುವ ಹಾಗೆ ಮಾಡ್ಲಾ? ನೀವು ಬೇಡ ಅಂದ್ರೆ ಮುಟ್ಟುವುದಿಲ್ಲ.”

ಅವಳು ಗೂಡಿನ ಗಾಜನ್ನು ಸೆರಗಿನಲ್ಲಿ ಒರೆಸಿದಳು. “ಮಾಡಿ. ಮನೆಯಲ್ಲಿ ಅಮ್ಮನಿಗೆ ನಾನು ಹೇಳ್ತೇನೆ.”

ಕಾಲು ಗಂಟೆಯ ಕೆಲಸ. ಮುಗಿಸಿ ಎದ್ದವನು ಕೈ ಒರೆಸುತ್ತಲೇ ಇದ್ದ.

“ಟೀಚರ್, ಕೀತ್ ಹೇಳಿದ್ದು ಅರ್ಧ ಸರಿ. ದೋಷ ನಾನು ಇಟ್ಟದ್ದಲ್ಲ. ಆದ್ರೆ ಸೋಮವಾರ ಬೆಳಿಗ್ಗೆಯಿಂದ ರಸ್ತೆ ನೋಡ್ತಿದ್ದೆ.”

ಐದು ವಾರದಿಂದ ಅವಳು ಕಾದಿದ್ದ ಮಾತು. ಬಂದೇ ಬಂತು... ಎಂಥ ದಿನ ನೋಡಿ ಬಂತು.

“ಸೋಮವಾರಕ್ಕೆಂದೇ ನಾನು ಸೀರೆ ಇಸ್ತ್ರಿ ಮಾಡ್ತಿದ್ದೆ” ಎಂದಳು. ಬೆಂಚಿನತ್ತ ನೋಡಿ ದನಿ ತಗ್ಗಿಸಿದಳು. “ಇನ್ನು ಗಾಡಿ ಸರಿ ಇದ್ದೂ ನಾನು ಬಂದ್ರೆ, ಚೋಮ ಎಂತ ಹೇಳ್ತಾನೆ?”

“ನೀವು ಬೆಳಿಗ್ಗೆ ಹೇಳಿದ್ದನ್ನೇ.”

ಹೌದು. ಅವಳ ಬಾಯಿಂದ ಬಿದ್ದ ಮಾತು. ಬೇಕೆಂದೇ ದೋಷ ಇಟ್ಟು ಹೆಂಗಸರನ್ನು ಬರಿಸಿಕೊಳ್ಳುವವನು ಎಂದು ಒಮ್ಮೆ ಹಬ್ಬಿದರೆ ಅವನ ಶೆಡ್ಡಿಗೆ ಯಾವ ಗಾಡಿ ಬಂದೀತು? ಮರ್ಯಾದೆಯೊಂದನ್ನೇ ನೆಚ್ಚಿ ಹದಿನೆಂಟು ವರ್ಷ ದುಡಿದವನು.

ಅವಳು ನೇರ ಬೆಂಚಿನ ಮುಂದೆ ನಿಂತಳು.

“ಚೋಮಣ್ಣ, ಬೆಳಿಗ್ಗೆ ನಾನು ಬೊಬ್ಬೆ ಹಾಕಿದ್ದು ಕೇಳಿದ್ರಲ್ಲ? ಇದನ್ನೂ ಕೇಳಿ. ತಪ್ಪು ನಮ್ಮ ಮನೆಯದ್ದು, ಅಪ್ಪ ಎಳೆದ ವಯರು. ಭಟ್ರದ್ದು ಎಂತದೂ ಇಲ್ಲ. ನಾಲ್ಕು ಜನರಿಗೆ ಹೇಳಿ.”

“ಹೇಳುವಾ, ಟೀಚರೇ. ಒಳ್ಳೆಯ ಸುದ್ದಿ ಓಡುವುದು ಸ್ವಲ್ಪ ನಿಧಾನ, ಅಷ್ಟೆ.”

ಹೋಟೆಲಿನಿಂದ ಎರಡು ಗ್ಲಾಸು ಚಹಾ ಬಂದಿತ್ತು.

“ಕುಡಿದು ಹೋಗಿ. ಆರ್ತದೆ” ಎಂದ ವೆಂಕಟಕೃಷ್ಣ.

“ಎರಡನ್ನೂ ನೀವೇ ಕುಡಿಯಿರಿ ಭಟ್ರೇ.”

“ಗಾಡಿಗೆ ಎಂತಾದ್ರೂ ಆದ್ರೆ...”

“ನೀವು ಮಾಡಿದ ಕೆಲಸ. ಆಗ್ಲಿಕ್ಕಿಲ್ಲ.”

ಕ್ಯಾರಲ್ ಕಾರು ಹತ್ತಿ ಕೀ ತಿರುಗಿಸಿದಳು. ಮಾತೆಯ ಮುಂದೆ ಬಲ್ಬು ಹೊತ್ತಿತು, ಎಂಜಿನು ಒಂದೇ ಸಲಕ್ಕೆ ಎದ್ದಿತು. ಅವಳು ಹಿಂದಿರುಗಿ ನೋಡದೆ ರಸ್ತೆಗಿಳಿದಳು.

ಆಮೇಲೆ ಒಂದು ಭಾನುವಾರವೂ ಕಾರು ಕೈಕೊಡಲಿಲ್ಲ, ಒಂದು ಸೋಮವಾರವೂ ಶೆಡ್ಡಿಗೆ ಬರಲಿಲ್ಲ.