ಪ್ಲಾಸ್ಟರ್ ಕೋಣೆಯವನ ಬೆನ್ನು

ನಮ್ಮ ಪರಿಚಯವಾದದ್ದೇ ಜಗಳದಿಂದ. ಮೂಳೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ನಾನು ಕೆಲಸಕ್ಕೆ ಸೇರಿ ಮೂರನೆಯ ದಿನ. ಎದುರಿನ ಪ್ಲಾಸ್ಟರ್ ಕೋಣೆಯಿಂದ ಮಣಿಕಟ್ಟು ಮುರಿದ ಅಜ್ಜಿಯೊಬ್ಬರು ಬಂದರು. ಕಟ್ಟು ಇನ್ನೂ ಹಸಿ. ನನ್ನ ಮೇಜಿನ ತುಂಬ ಬಿಳಿ ರಾಡಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು, ನೇರ ಅಲ್ಲಿಗೇ ಹೋದೆ.

“ಒಣಗೋ ತನಕ ಕಾಯೋಕಾಗಲ್ವಾ ನಿಮಗೆ?”

ಮೊಣಕೈವರೆಗೆ ಬಿಳಿ ಮೆತ್ತಿಕೊಂಡಿದ್ದವನು ತಲೆ ಎತ್ತಿದ. “ಮೂಳೆ ಸರಿಯಾಗಿ ಕೂತಿದೆಯಾ ಅಂತ ಈಗಲೇ ನೋಡಬೇಕು ಮೇಡಂ. ಒಣಗಿದ ಮೇಲೆ ತಪ್ಪು ಕಂಡ್ರೆ ಒಡೆದು ಮತ್ತೆ ಕಟ್ಟಬೇಕು, ಅಜ್ಜಿ ಬೈತಾರೆ. ಅದಕ್ಕಿಂತ ನೀವು ಬೈಯೋದೇ ವಾಸಿ.”

ಎಲ್ಲರೂ ಅವನನ್ನು ಸುಣ್ಣಪ್ಪ ಎನ್ನುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದೆ.

ಮೂರು ವರ್ಷ ಹೀಗೇ ಹೋಯಿತು. ಮಧ್ಯಾಹ್ನ ರೋಗಿಗಳಿಲ್ಲದಾಗ ಎರಡು ಲೋಟ ಚಹಾ ಹಿಡಿದು ಬರುತ್ತಿದ್ದ. ನಾನು ಹೆಸರು ಮುಚ್ಚಿ ಪರದೆಯ ಮೇಲೆ ಯಾರದೋ ಮಂಡಿ ತೋರಿಸುತ್ತಿದ್ದೆ, ಅವನು ವಯಸ್ಸು ಹೇಳಬೇಕು.

“ಚೆನ್ನಾಗಿ ಸವೆದಿದೆ. ಅರವತ್ತು.”

“ನಲವತ್ತೆಂಟು. ದಿನಾ ಮೆಟ್ಟಿಲು ಹತ್ತೋ ಕೆಲಸ. ಮಂಡಿ ನೋಡಿ ಹೇಳಿ ಸುಣ್ಣಪ್ಪ.”

“ಮಂಡಿನೇ ನೋಡ್ತಿರೋದು.”

ಸುಳ್ಳು. ಅವನು ನೋಡುತ್ತಿದ್ದದ್ದು ಪರದೆಯ ಬೆಳಕು ಬಿದ್ದ ನನ್ನ ಕೆನ್ನೆಯನ್ನು. ನನಗೆ ಗೊತ್ತಿತ್ತು. ಗೊತ್ತಿದ್ದೇ ಕುರ್ಚಿಯನ್ನು ಬೆಳಕು ಬೀಳುವ ಕಡೆಗೆ ಹಾಕಿಕೊಳ್ಳುತ್ತಿದ್ದೆ.

ಒಂದು ದಿನ ಬಾಗಿಲಲ್ಲೇ ನಿಂತು ಹೇಳಿದ. “ಭಾನುವಾರ ನಿಮ್ಮನ್ನ ಒಂದು ಮಾತು ಕೇಳಬೇಕು.”

“ಈಗಲೇ ಕೇಳಿ.”

“ಈಗ ಕೈಯೆಲ್ಲ ಹಸಿ.”

ಯಾವ ಮಾತೆಂದು ಬೇರೆ ಹೇಳಬೇಕಾಗಿರಲಿಲ್ಲ. ಅಂದು ಸಂಜೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ.

ಒಂದು ವರ್ಷದಿಂದ ಅವನಿಗೆ ಬೆಳಗಾದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಓಡಾಡಿದರೆ ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗುತ್ತಿತ್ತು. ಹಾಸಿಗೆ ಸರಿಯಿಲ್ಲ ಎನ್ನುತ್ತಿದ್ದ. ದಿನಕ್ಕೆ ಇಪ್ಪತ್ತು ಜನರ ಮೂಳೆ ಮುಟ್ಟುವವನಿಗೂ ತನ್ನ ಬೆನ್ನು ತನಗೆ ಕಾಣದು. ನಾನು ಬೆನ್ನು ಬಿದ್ದು ಡಾಕ್ಟರ ಹತ್ತಿರ ಕಳಿಸಿದೆ. ಅದೇ ವಾರ ಶುಕ್ರವಾರ ಚೀಟಿ ಹಿಡಿದು ಬಂದು ನನ್ನ ಮೇಜಿನ ಮೇಲೆ ಮಲಗಿದ.

ಗಾಜಿನ ಹಿಂದಿನಿಂದ ಮೈಕಿನಲ್ಲಿ “ಉಸಿರು ಹಿಡೀರಿ” ಎಂದೆ. ಗುಂಡಿ ಒತ್ತಿದೆ. ಚಿತ್ರ ಬಂತು.

ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರುವಲ್ಲಿ, ಎಡಕ್ಕೊಂದು ಬಲಕ್ಕೊಂದು ಸಂದು ಸ್ಪಷ್ಟವಾಗಿ ಕಾಣಬೇಕು. ಅವನಲ್ಲಿ ಎರಡೂ ಮಸುಕಾಗಿದ್ದವು. ಮೇಲೆ ಬೆನ್ನೆಲುಬಿನ ಎರಡು ಮಣಿಗಳ ನಡುವೆ ತೆಳುವಾದ ಮೂಳೆಯ ಎಳೆ ಬೆಳೆದಿತ್ತು. ಮೂಳೆ ಮೂಳೆಗೆ ಬೆಸೆದುಕೊಳ್ಳುತ್ತಾ ಹೋಗುವ ಕಾಯಿಲೆ. ಇಂಥ ಚಿತ್ರಗಳನ್ನು ಎಷ್ಟೋ ತೆಗೆದಿದ್ದೇನೆ. ತೆಗೆದು, ಮುಂದಿನವರನ್ನು ಕರೆದಿದ್ದೇನೆ.

ಉಸಿರು ಬಿಡಿ ಎನ್ನಲು ಮರೆತೆ.

ಅವನು ತಡೆಯುವಷ್ಟು ತಡೆದು, ತಾನೇ ಬಿಟ್ಟು ಎದ್ದು ಕೂತ. “ದಿನಾ ನಿಮ್ಮ ಧ್ವನಿ ನನ್ನ ಕೋಣೆಗೆ ಕೇಳ್ಸುತ್ತೆ. ಉಸಿರು ಬಿಡಿ ಅನ್ನೋದನ್ನ ಒಂದಿನವೂ ಮರೆತವರಲ್ಲ. ಏನಿದೆ ಅದರಲ್ಲಿ?”

“ಡಾಕ್ಟ್ರನ್ನೇ ಕೇಳಿ.”

ಅದು ನಮ್ಮ ನಿಯಮ. ಇಬ್ಬರೂ ಎಲ್ಲ ರೋಗಿಗಳಿಗೂ ಹೇಳುವ ಮಾತು. ಅವನು ಅಂಗಿ ಹಾಕಿಕೊಂಡು ಹೋದ.

ಭಾನುವಾರ ಬರಲಿಲ್ಲ. ಸೋಮವಾರ ಬಂದ, ಚಹಾ ಇಲ್ಲದೆ.

“ಚಿತ್ರ ನೋಡಿ ಡಾಕ್ಟ್ರು ಕಾಯಿಲೆ ಹೇಳಿದ್ರು. ಕೇಳ್ತೀನಿ ಅಂದಿದ್ದನ್ನ ಮರೆತುಬಿಡಿ ಮೇಡಂ. ಇನ್ನು ಹತ್ತು ವರ್ಷಕ್ಕೆ ಬೆನ್ನು ಬಿದಿರಿನ ಹಾಗೆ ಸೆಟೆದು, ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೂ ಆಗಲ್ಲ. ಆ ಗೋಳಿಗೆ ನಿಮ್ಮನ್ನ ಯಾಕೆ ಕಟ್ಟಿಹಾಕಲಿ?”

“ಎಲ್ಲರಿಗೂ ಹಾಗಾಗಲ್ಲ. ಔಷಧಿ ಇದೆ, ವ್ಯಾಯಾಮ ಇದೆ.”

“ನಾನೂ ಇದೇ ಆಸ್ಪತ್ರೇಲಿ ಇರೋನು, ಇಂಥ ಬೆನ್ನು ನೋಡಿದೀನಿ” ಎಂದು ಹೊರಟೇಹೋದ.

ಕಾಯಿಲೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವನ ಮೇಲೆ ಬಂತು. ಪ್ರಶ್ನೆ ಕೇಳುವ ಮೊದಲೇ ನನ್ನ ಉತ್ತರವನ್ನೂ ತಾನೇ ಬರೆದುಕೊಂಡಿದ್ದ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಬುಧವಾರ ಅವನು ಡಾಕ್ಟರ ಮುಂದೆ ಕೂತಿದ್ದಾಗ ಯಾರೂ ಕರೆಯದೆ ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ.

“ದಿನಾ ಬೆಳಿಗ್ಗೆ ಅರ್ಧ ಗಂಟೆ ವ್ಯಾಯಾಮ, ತಪ್ಪಿಸೋ ಹಾಗಿಲ್ಲ” ಎಂದರು ಡಾಕ್ಟರು. “ಮೊದಮೊದಲು ಒಬ್ಬರು ಬೆನ್ನು ಹಿಡಿದು ಮಾಡಿಸಬೇಕು. ಮನೇಲಿ ಯಾರಿದ್ದಾರೆ?”

“ಅಕ್ಕ ಇದಾಳೆ, ದೂರ. ಯಾರೂ ಇಲ್ಲ ಅಂದ್ಕೊಳ್ಳಿ.”

“ನಾನಿದೀನಿ” ಎಂದೆ.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. “ನೀವು ಎಕ್ಸ್‌ರೇ ಅಲ್ವಾ?”

“ಒಂಬತ್ತರಿಂದ ಎಕ್ಸ್‌ರೇ. ಅದಕ್ಕೆ ಮೊದಲು ಇವರ ಮನೇಲಿರ್ತೀನಿ. ಮದುವೆ ಆದ ಮೇಲೆ.”

“ಮೇಡಂ, ನಾನಿನ್ನೂ ಕೇಳೇ ಇಲ್ಲ” ಎಂದ ಅವನು.

“ಕೇಳಿ ಮತ್ತೆ. ಹೊರಗೆ ಇನ್ನೂ ಹನ್ನೊಂದು ಜನ ಕಾಯ್ತಿದಾರೆ.”

ಅವನು ಕೇಳಿದ. ನಾನು ಹೂಂ ಎಂದೆ. ಆಮೇಲೆ, ಯಾರ ಮೂಳೆ ಮುರಿದರೂ ಕಣ್ಣೊದ್ದೆಯಾಗದ ನಾನು, ಅಲ್ಲೇ ಅತ್ತೆ.

ಡಾಕ್ಟರು ವ್ಯಾಯಾಮದ ಚೀಟಿ ಬರೆದು ಮುಗಿಸಿ, ಅವನು ಚಾಚಿದ ಕೈ ಬಿಟ್ಟು, ನನ್ನ ಕೈಗೆ ಕೊಟ್ಟರು.